ಗದ್ದೆಯಿಂದ ಬಾಣೆಗೆ ಹತ್ತಿ: ಒಂದು ತೋಟದಲ್ಲಿ ಇಡೀ ಕೊಡಗನ್ನು ಓದುವ ಬಗೆ

ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ನಿವೃತ್ತಿಯಾದ ಮೇಲೂ ರಜೆಯಲ್ಲಿ ನಂಟರ ಮಕ್ಕಳು, ಅವರ ಸ್ನೇಹಿತರು ಬಂದಾಗ ಅವರನ್ನು ಕರೆದುಕೊಂಡು ನಮ್ಮ ತೋಟ ಸುತ್ತುತ್ತೇನೆ. ವಿರಾಜಪೇಟೆ ಕಡೆ ನಮಗಿರುವುದು ನಾಲ್ಕೂವರೆ ಎಕರೆ ರೊಬಸ್ಟಾ ಕಾಫಿ, ಕೆಳಗೆ ಒಂದೂಕಾಲು ಎಕರೆ ಗದ್ದೆ. ಇಷ್ಟು ಸಣ್ಣ ಜಾಗದಲ್ಲಿ ಕೊಡಗಿನ ಇನ್ನೂರು ವರ್ಷದ ಕಥೆ ಪೂರ್ತಿ ಸಿಗುತ್ತದೆ ಎಂದರೆ ಮಕ್ಕಳು ಮೊದಲು ನಂಬುವುದಿಲ್ಲ. ಸಂಜೆ ಮನೆಗೆ ಮರಳುವ ಹೊತ್ತಿಗೆ ನಂಬಿರುತ್ತಾರೆ. ನಿಮ್ಮ ಮನೆಯ ತೋಟದಲ್ಲೋ, ಒಪ್ಪಿಗೆ ಪಡೆದು ಪರಿಚಿತರ ತೋಟದಲ್ಲೋ ನೀವೂ ಇದನ್ನು ಮಾಡಬಹುದು. ನಾನು ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಮಾತು: ಕಾಫಿಯಿಂದ ಶುರು ಮಾಡಬೇಡಿ. ಎಲ್ಲರೂ ಮಾಡುವ ತಪ್ಪು ಅದೇ. ತೋಟದ ಗೇಟಿನಲ್ಲಿ ನಿಂತು ಕಾಫಿ ಗಿಡ ನೋಡಿದರೆ ಕೊಡಗು ಹುಟ್ಟಿದ್ದೇ ಬ್ರಿಟಿಷರಿಂದ ಎಂಬ ಭಾವನೆ ಬರುತ್ತದೆ. ಇಳಿಜಾರಿನ ಕಟ್ಟಕಡೆಗೆ, ನೀರು ನಿಲ್ಲುವ ತಗ್ಗಿಗೆ ಇಳಿಯಿರಿ. ಅಲ್ಲಿ ಗದ್ದೆ ಇರುತ್ತದೆ, ಇಲ್ಲವೇ ಗದ್ದೆ ಇದ್ದ ಗುರುತು ಇರುತ್ತದೆ. ಕೊಡಗಿನ ಹಳೆಯ ಆಡಳಿತ, ತೆರಿಗೆ, ಹಬ್ಬ, ಜಗಳ ಎಲ್ಲವೂ ಆ ತಗ್ಗಿನಿಂದಲೇ ಹೊರಟವು. ಮೇಲಿನ ಕಾಡು ಗದ್ದೆಯ ಸೇವೆಗೆಂದು ಬಿಟ್ಟ ಜಾಗ, ಅದೇ ಬಾಣೆ. ಕಾಫಿ ಬಂದದ್ದು ಆ ಸೇವೆಯ ಜಾಗಕ್ಕೆ. ಇದೊಂದು ತಲೆಯಲ್ಲಿದ್ದರೆ ಉಳಿದ ಕಥೆಯೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಇಳಿಯುವ ಮುನ್ನ ಕಾಗದ ಕೈಯಲ್ಲಿರಲಿ. ಪಹಣಿ, ಸರ್ವೆ ನಕ್ಷೆ, ಕಂದಾಯ ಕಟ್ಟಿದ ಹಳೆಯ ರಸೀದಿ, ಪಾಲುಪಟ್ಟಿ, ಕಾಫಿ ಮಾರಿದ ಚೀಟಿ, ಮಳೆಯ ಲೆಕ್ಕದ ಪುಸ್ತಕ, ಹೀಗೆ ಟ್ರಂಕಿನಲ್ಲಿ ಏನಿದೆಯೋ ಎಲ್ಲವನ್ನೂ ತೆಗೆಯಿರಿ. ಮನೆ ರಿಪೇರಿ ಮಾಡಿದ ವರ್ಷ ನಾವು ಒಂದು ಗೋಣಿಚೀಲದ ತುಂಬ ಇದ್ದ ಹಳೆಯ ಚೀಟಿಗಳನ್ನು ಸ್ನಾನದ ಒಲೆಗೆ ಹಾಕಿಬಿಟ್ಟೆವು. ಅದರಲ್ಲಿ ಮೂವತ್ತು ವರ್ಷದ ಲೆಕ್ಕವಿತ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಓದಲು ಬಾರದ ಚೀಟಿಯನ್ನೂ ಎಸೆಯಬೇಡಿ.

ಪಹಣಿಯ ಒಂಬತ್ತನೆಯ ಕಾಲಂ ನೋಡಿ. ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಹೆಸರು ಇರುವ ಕಡೆ ಕೊಡಗಿನ ಜಮ್ಮಾ ಜಮೀನಿಗೆ ಹತ್ತು, ಹದಿನೈದು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೆಸರು ಇರುತ್ತವೆ. ಅವರಲ್ಲಿ ಅರ್ಧ ಜನ ತೀರಿಕೊಂಡವರು. ಇದನ್ನು ಕಚೇರಿಯ ಅವ್ಯವಸ್ಥೆ ಎಂದು ತಳ್ಳಿಹಾಕಬೇಡಿ. ಜಮ್ಮಾ ಎಂದರೆ ಜನ್ಮದಿಂದ ಬಂದ ಹಕ್ಕು. ರಾಜರ ಕಾಲದಲ್ಲಿ ಸೈನ್ಯಕ್ಕೆ, ಕಾವಲಿಗೆ ಬರಬೇಕೆಂಬ ಕಟ್ಟಳೆಯ ಮೇಲೆ ಭೂಮಿಯನ್ನು ಮನೆತನಕ್ಕೆ ಕೊಡುತ್ತಿದ್ದರೇ ಹೊರತು ಒಬ್ಬ ವ್ಯಕ್ತಿಗಲ್ಲ. ಅದನ್ನು ಮಾರುವಂತಿರಲಿಲ್ಲ, ಹೋಳು ಮಾಡುವಂತಿರಲಿಲ್ಲ. ಮನೆತನದ ಪರವಾಗಿ ಕಂದಾಯ ಕಟ್ಟುವ ಹಿರಿಯ ಪಟ್ಟೇದಾರ. ಈ ಸೇವೆಗೆ ಪ್ರತಿಯಾಗಿ ಕಂದಾಯ ಅರ್ಧ: ನೂರು ಬಟ್ಟಿ ಗದ್ದೆಗೆ ಸಾಗು, ಅಂದರೆ ಪೂರ್ತಿ ಕಂದಾಯದ ಸಾಮಾನ್ಯ ಜಮೀನಿನವರು 10 ರೂಪಾಯಿ ಕಟ್ಟಿದರೆ ಜಮ್ಮಾದವರು 5 ರೂಪಾಯಿ. ಬಟ್ಟಿ ಎಂದರೆ ಭತ್ತದ ಅಳತೆ. ನೆಲವನ್ನು ಎಕರೆಯಲ್ಲಲ್ಲ, ಅದು ಕೊಡುವ ಭತ್ತದಲ್ಲಿ ಎಣಿಸುತ್ತಿದ್ದರು. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರ ಇಡೀ ಸೀಮೆಯ ಜಮೀನನ್ನು ಅಳೆಸಿ ಬರೆಸಿದ ಲೆಕ್ಕಕ್ಕೆ ಶಿಸ್ತು ಎಂದು ಹೆಸರು. ಹಳೆಯ ವ್ಯಾಜ್ಯಗಳಲ್ಲಿ ಇಂದಿಗೂ ಆ ಹೆಸರು ಕೇಳಿಬರುತ್ತದೆ.

ಮನೆಯ ಗೋಡೆಯಲ್ಲಿ ಕೋವಿ ತೂಗುತ್ತಿದ್ದರೆ ಅದನ್ನೂ ಟ್ರಂಕಿನ ಕಾಗದಗಳ ಜೊತೆಗೇ ಓದಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ಇರುವ ವಿನಾಯಿತಿ 1861ರಷ್ಟು ಹಿಂದಿನದು. ಭೂಮಿ, ಕಂದಾಯ, ಕೋವಿ ಮೂರೂ ಒಂದೇ ಹಗ್ಗದ ಎಳೆಗಳು.

ಈಗ ಗದ್ದೆಗೆ ಇಳಿಯೋಣ. ಬದುವಿನ ಮೇಲೆ ನಿಂತು ಮೂರು ವಿಷಯ ಗಮನಿಸಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಯಾರ ಗದ್ದೆಯನ್ನು ದಾಟಿ ಹೋಗುತ್ತದೆ. ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಹಾವಿನಂತೆ ಹರಿದ ಗದ್ದೆಯ ಸಾಲಿನಲ್ಲಿ ಮೇಲಿನವನು ನೀರು ಬಿಟ್ಟರೆ ಮಾತ್ರ ಕೆಳಗಿನವನಿಗೆ ನಾಟಿ. ಊರೆಂದರೆ ಆ ನೀರನ್ನು ಹಂಚಿಕೊಂಡವರು. ಗದ್ದೆ ಕೆಲಸದ ದಿನಗಳಲ್ಲಿ ಆಯುಧಗಳನ್ನು ಒಳಗಿಟ್ಟು, ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲಲ್ಲಿ ಅವಕ್ಕೆ ಪೂಜೆ ಮಾಡಿ ಹೊರತೆಗೆಯುವುದು ಕೈಲ್‌ಪೊಳ್ದ್. ಹೊಸ ಭತ್ತದ ಕದಿರನ್ನು ಮನೆಗೆ ತರುವ ಹಬ್ಬ ಹುತ್ತರಿ. ಕಾಫಿ ಬಂದು ನೂರೈವತ್ತು ವರ್ಷ ದಾಟಿದರೂ ಕಾಫಿಗೆ ಇಂಥ ಒಂದು ಹಬ್ಬ ಹುಟ್ಟಲಿಲ್ಲ.

ಇಲ್ಲಿ ಮನೆಯ ಹಿರಿಯರಿಗೆ ಕೇಳಬೇಕಾದ ಪ್ರಶ್ನೆ ಒಂದಿದೆ. ‘ಹೋದ ಹುತ್ತರಿಗೆ ಕದಿರು ಯಾರ ಗದ್ದೆಯಿಂದ ತಂದಿರಿ?’ ನೇರವಾಗಿ ‘ಗದ್ದೆ ಯಾಕೆ ಪಾಳು ಬಿಟ್ಟಿರಿ’ ಎಂದರೆ ನೋವಾಗುತ್ತದೆ, ಮಾತು ನಿಂತುಹೋಗುತ್ತದೆ. ಕದಿರಿನ ಪ್ರಶ್ನೆ ಕೇಳಿದರೆ ಎಲ್ಲವೂ ತಾನಾಗಿ ಬರುತ್ತದೆ. ಕೂಲಿ ಸಿಗದ್ದು, ಆನೆ ಇಳಿದು ತುಳಿದದ್ದು, ಶುಂಠಿಗೆ ಗುತ್ತಿಗೆ ಕೊಟ್ಟದ್ದು, ಬಾಳೆಯೋ ಅಡಿಕೆಯೋ ಹಾಕಿದ್ದು, ಪಕ್ಕದವರು ಬಿಟ್ಟ ಮೇಲೆ ನಾವೊಬ್ಬರೇ ಮಾಡಲಾಗದ್ದು. ನಮ್ಮ ಮಾವ ಎಂಬತ್ತೆಂಟು ವರ್ಷದವರು. ಈ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಕ್ಕಿ ಕೊಂಡರೆ ಅಗ್ಗ, ಬೆಳೆದರೆ ತುಟ್ಟಿ. ಆದರೆ ಕದಿರು ಕೊಳ್ಳುವುದು ಹೇಗಮ್ಮಾ?’ ಎಂದರು. ಅವರು ಇರುವವರೆಗೆ ಕಾಲು ಎಕರೆಯಲ್ಲಾದರೂ ನಾಟಿ ಮಾಡುತ್ತೇವೆ.

ಗದ್ದೆಯ ಅಂಚು ದಾಟಿ ನಾಲ್ಕು ಹೆಜ್ಜೆ ಹತ್ತಿದರೆ ಬಾಣೆ. ನಕ್ಷೆ ಬಿಡಿಸಿ, ಗದ್ದೆಯ ಸರ್ವೆ ನಂಬರಿಗೆ ಯಾವ ಬಾಣೆಯ ನಂಬರು ಜೋಡಿ ಎಂದು ಹುಡುಕಿ. ಪ್ರತಿ ವರ್ಗಕ್ಕೆ, ಅಂದರೆ ಗದ್ದೆ ಹಿಡುವಳಿಗೆ, ದನ ಮೇಯಿಸಲು, ಸೌದೆಗೆ, ಗೊಬ್ಬರದ ಸೊಪ್ಪಿಗೆ, ಮನೆಯ ಮರಮಟ್ಟಿಗೆ ಎಂದು ಬಿಟ್ಟ ಕಾಡೇ ಬಾಣೆ. ಅದಕ್ಕೆ ಕಂದಾಯವಿಲ್ಲ, ಏಕೆಂದರೆ ಗದ್ದೆಯ ಕಂದಾಯದಲ್ಲೇ ಅದರ ಋಣ ತೀರಿದೆ. 1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಷನ್ನಿನಲ್ಲಿ ಈ ಅರ್ಥ ಕಾನೂನಿನ ಮಾತಾಗಿ ದಾಖಲಾಯಿತು. ಆ ಹೊತ್ತಿಗೆ ಬಾಣೆಗಳೊಳಗೆ ಕಾಫಿ ಕಾಲಿಟ್ಟಿತ್ತು. ಸೊಪ್ಪು ಕೊಡುವ ಕಾಡು ಹಣ ಕೊಡುವ ತೋಟವಾದರೆ ಅದು ಯಾರದು, ಕಂದಾಯ ಎಷ್ಟು, ಮರ ಯಾರದು? ಇಂದಿಗೂ ಜಮ್ಮಾ ಬಾಣೆಯ ಬಗ್ಗೆ ವಿಧಾನಸಭೆಯಲ್ಲಿ, ನ್ಯಾಯಾಲಯದಲ್ಲಿ ನಡೆಯುವ ಮಾತಿನ ಬೇರು ಈ ಪ್ರಶ್ನೆಗಳಲ್ಲಿದೆ.

ಕಾಫಿಯ ಕಾಲಗಣನೆಯನ್ನು ಚಿಕ್ಕದಾಗಿ ನೆನಪಿಡಿ. ರಾಜರ ಕಾಲದಲ್ಲೇ ನಾಲ್ಕುನಾಡಿನ ಕಡೆ ಮಾಪಿಳ್ಳೆ ಮುಸ್ಲಿಮರು ಅಷ್ಟಿಷ್ಟು ಬೆಳೆಯುತ್ತಿದ್ದರು ಎಂಬ ಮಾತಿದೆ. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಮೊದಲ ಎಸ್ಟೇಟ್ ತೆರೆದ. ಹತ್ತು-ಹನ್ನೆರಡು ವರ್ಷಗಳಲ್ಲಿ ಕಾಂಡಕೊರಕ ಹುಳು ಬಂದು ತೋಟಗಳನ್ನು ಬೋಳು ಮಾಡಿತು. ಅದರ ಹಿಂದೆಯೇ ಎಲೆ ತುಕ್ಕು ರೋಗ. ಪೂರ್ತಿ ಕಾಡು ಕಡಿದು ಬಿಸಿಲಿಗೆ ಒಡ್ಡಿದ ತೋಟಗಳು ಹೆಚ್ಚು ಸತ್ತವು, ನೆರಳಿದ್ದವು ಉಳಿದವು. ಇಂದು ಪ್ರವಾಸಿಗರು ಮೆಚ್ಚುವ ನೆರಳಿನ ಕಾಫಿಯ ಹಿಂದೆ ಆ ಸೋಲು ಕಲಿಸಿದ ಪಾಠವಿದೆ.

ಈಗ ಗಿಡ ನೋಡಿ. ಎಲೆ ಚಿಕ್ಕದಾಗಿ, ಕಡು ಹಸಿರಾಗಿ, ನುಣುಪಾಗಿದ್ದರೆ ಅರೇಬಿಕಾ. ಅಂಗೈಗಿಂತ ದೊಡ್ಡದಾಗಿ, ಮಡಿಕೆ ಮಡಿಕೆಯಾಗಿದ್ದರೆ ರೊಬಸ್ಟಾ. ಉತ್ತರಕ್ಕೆ ಸೋಮವಾರಪೇಟೆ, ಶನಿವಾರಸಂತೆಯ ಕಡೆ ಅರೇಬಿಕಾ ಹೆಚ್ಚು, ದಕ್ಷಿಣಕ್ಕೆ ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆಯ ಕಡೆ ರೊಬಸ್ಟಾ. ತುಕ್ಕು ರೋಗವನ್ನು ತಡೆದುಕೊಳ್ಳುವ ಗಿಡ ಬೇಕೆಂದೇ ರೊಬಸ್ಟಾ ಬಂದದ್ದು. ಅರೇಬಿಕಾದಲ್ಲಿ ಹಳೆಯ ತೋಟದವರು ‘ಎಸ್. 795’ ಎಂದು ಹೇಳಿದರೆ ಅದನ್ನು ಬರೆದುಕೊಳ್ಳಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದ ನಡುವೆ ಬಿಡುಗಡೆ ಮಾಡಿದ ತಳಿ ಅದು.

ನಂತರ ತಲೆ ಎತ್ತಿ ಮರ ನೋಡಿ. ನನಗೆ ಅತ್ಯಂತ ಇಷ್ಟವಾದ ಪಾಠ ಇದು. ನಮ್ಮ ತೋಟದ ಮೇಲಿನ ಮೂಲೆಯಲ್ಲಿ ಒಂದು ಬೀಟೆ, ಎರಡು ಹೊನ್ನೆ, ನಂದಿ, ಹಲಸು, ಅತ್ತಿ, ಗೋಣಿ ಇವೆ. ಅದು ಹಳೆಯ ಬಾಣೆ, ಕಾಡು ಇದ್ದ ಹಾಗೆ ಇಟ್ಟು ಕೆಳಗೆ ಗಿಡ ಹಾಕಿದ್ದು. ರಸ್ತೆಯ ಪಕ್ಕದಲ್ಲಿ ಸಾಲಾಗಿ ಸಿಲ್ವರ್ ಓಕ್ ನಿಂತಿವೆ. ಅದು ಆಸ್ಟ್ರೇಲಿಯಾದ ಮರ. ಅದೇಕೆ ಎಲ್ಲೆಲ್ಲೂ ಹಬ್ಬಿತು ಎಂದು ಮಕ್ಕಳನ್ನು ಕೇಳುತ್ತೇನೆ. ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೆ ಆಸರೆ ಎನ್ನುತ್ತಾರೆ, ಸರಿಯೇ. ಇನ್ನೊಂದು ಕಾರಣ ಕಾಗದದಲ್ಲಿದೆ. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಜಮೀನಿಗೆ ರಿಡೀಮ್ಡ್ ಎನ್ನುತ್ತಾರೆ, ಕಟ್ಟದ್ದಕ್ಕೆ ಅನ್‌ರಿಡೀಮ್ಡ್. ಅನ್‌ರಿಡೀಮ್ಡ್ ಜಮೀನಿನ ಕಾಡುಮರ ನಿಮ್ಮ ತೋಟದಲ್ಲಿದ್ದರೂ ಪೂರ್ತಿ ನಿಮ್ಮದಲ್ಲ. ಬೀಟೆ ನೆಟ್ಟು ಎಂಬತ್ತು ವರ್ಷ ಕಾಯ್ದು ಕೊನೆಗೆ ಅನುಮತಿಗೆ ಅಲೆಯುವುದಕ್ಕಿಂತ, ಸಿಲ್ವರ್ ಓಕ್ ನೆಟ್ಟು ಕಷ್ಟಕಾಲಕ್ಕೆ ಕಡಿದು ಮಾರುವುದು ಬೆಳೆಗಾರನಿಗೆ ಸುಲಭ. ಒಂದು ಕಾನೂನು ಒಂದು ಕಾಡಿನ ರೂಪವನ್ನೇ ಬದಲಿಸುವುದನ್ನು ಬರಿಗಣ್ಣಿನಿಂದ ಇಲ್ಲಿ ನೋಡಬಹುದು. ಪ್ರತಿ ಮರವನ್ನು ಎಣಿಸಿ, ಕಾಡುಮರ ಎಷ್ಟು, ಸಿಲ್ವರ್ ಓಕ್ ಎಷ್ಟು ಎಂದು ಪುಸ್ತಕದಲ್ಲಿ ಬರೆಯಿರಿ. ಹೋಲಿಕೆಗೆ ಊರಿನ ದೇವರಕಾಡಿಗೆ ಹೋಗಿ ಬನ್ನಿ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಬಾಣೆ ಮೊದಲು ಹೇಗಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಕಿತ್ತಳೆ ಗಿಡ ಒಂದಾದರೂ ಉಳಿದಿದೆಯೇ ನೋಡಿ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ಆದರೆ ರೋಗಗಳು ತೋಟಗಳನ್ನು ಬರಿದು ಮಾಡಿದವು. ಜೇನೂ ಹಾಗೆಯೇ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಪೆಟ್ಟಿಗೆಗಳಲ್ಲಿದ್ದ ತುಡುವೆ ಜೇನನ್ನು ಒರೆಸಿಹಾಕಿತು. ಅಟ್ಟದ ಮೇಲೆ ಖಾಲಿ ಜೇನುಪೆಟ್ಟಿಗೆ ಸಿಕ್ಕರೆ ಅದರ ವರ್ಷ ಕೇಳಿ.

ಕಣಕ್ಕೆ ಬರೋಣ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಣದಲ್ಲಿ ಕಾಫಿ ಒಣಗುವಾಗ ಒಂದು ಲೆಕ್ಕ ಮಾಡಿ ನೋಡಿ, ಮಾರುಕಟ್ಟೆ ಹೇಗೆ ನಡೆಯುತ್ತದೆ ಎಂಬುದು ಅಂಗೈಯಲ್ಲಿ ಸಿಗುತ್ತದೆ. ಚೆನ್ನಾಗಿ ಒಣಗಿದ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಹಣ್ಣು, ಒಂದು ಕಿಲೋ ತೂಗಿ. ಒರಳಲ್ಲಿ ಹಗುರಾಗಿ ಕುಟ್ಟಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಉಳಿದ ಬೇಳೆಯನ್ನು ಮತ್ತೆ ತೂಗಿ. ನಮ್ಮ ಮನೆಯಲ್ಲಿ ಕಳೆದ ಸಲ 540 ಗ್ರಾಂ ಬಂತು. 50 ಕಿಲೋ ಚೀಲಕ್ಕೆ ಲೆಕ್ಕ ಹಾಕಿದರೆ 27 ಕಿಲೋ. ಇದನ್ನೇ ವ್ಯಾಪಾರಿ ‘27 ಔಟ್‌ಟರ್ನ್’ ಎನ್ನುವುದು. ಬೆಲೆ ನಿಲ್ಲುವುದು ಈ ಸಂಖ್ಯೆಯ ಮೇಲೆ, ಚೀಲದ ಮೇಲಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಬ್ಬ ವ್ಯಾಪಾರಿ ನಮ್ಮ ಚೀಲಗಳನ್ನು 25 ಎಂದು ಬರೆದು ಕೊಂಡುಹೋಗಿದ್ದ. ಅಂದೇ ಅತ್ತೆ ಉಳಿದ ಮಾದರಿಯನ್ನು ಒರಳಿಗೆ ಹಾಕಿ ಕುಟ್ಟಿ ತೂಗಿದರು, ಇಪ್ಪತ್ತೇಳಕ್ಕೆ ಕಡಿಮೆ ಇರಲಿಲ್ಲ. ಅಂದಿನಿಂದ ಮಾರುವ ಮೊದಲೇ ಮನೆಯಲ್ಲಿ ತೂಗುತ್ತೇವೆ, ತೇವಾಂಶವನ್ನು ನಮ್ಮ ಕಣ್ಣೆದುರೇ ಅಳೆಸುತ್ತೇವೆ. ನಿಮ್ಮ ಮಕ್ಕಳಿಗೆ ಬೇರೇನೂ ಕಲಿಸದಿದ್ದರೂ ಇದನ್ನು ಕಲಿಸಿ.

ಚೀಟಿಗಳನ್ನು ವರ್ಷದ ಪ್ರಕಾರ ಹರಡಿ. 1990ರ ದಶಕಕ್ಕೆ ಹಿಂದಿನವು ಕಾಫಿ ಬೋರ್ಡಿನ ಪೂಲ್ ಚೀಟಿಗಳಾಗಿರುತ್ತವೆ. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರ ಉಳಿಯಲೆಂದು 1940ರಲ್ಲಿ ಈ ವ್ಯವಸ್ಥೆ ಶುರುವಾಯಿತು, 1942ರ ಕಾಫಿ ಕಾಯ್ದೆಯಲ್ಲಿ ಗಟ್ಟಿಯಾಯಿತು. ಮನೆಬಳಕೆಗೆ ಒಂದಿಷ್ಟು ಬಿಟ್ಟು ಎಲ್ಲ ಕಾಫಿಯನ್ನೂ ಪೂಲಿಗೆ, ಅಂದರೆ ಬೋರ್ಡು ಒಟ್ಟುಗೂಡಿಸಿ ಮಾರುವ ರಾಶಿಗೆ, ಕೊಡಬೇಕಿತ್ತು. ದರ್ಜೆಗೆ ತಕ್ಕಂತೆ ಪಾಯಿಂಟ್ ಬೀಳುತ್ತಿತ್ತು. ಮುಂಗಡ ಒಂದಿಷ್ಟು, ಉಳಿದದ್ದು ಬೋರ್ಡು ಮಾರಿದ ಹಾಗೆ ಕಂತಿನಲ್ಲಿ. ಈ ವರ್ಷದ ಕಾಫಿಯ ಕೊನೆಯ ಕಂತು ಮುಂದಿನ ವರ್ಷದ ಕೊಯ್ಲೂ ಮುಗಿದ ಮೇಲೆ ಬಂದದ್ದುಂಟು. ಮಾವ ಅದನ್ನು ಬೈಯುತ್ತಲೇ ಇದ್ದರು, ಆದರೆ ಮನೆಯ ಹೆಣ್ಣುಮಕ್ಕಳ ಮದುವೆಗಳು ನಡೆದದ್ದು ಆ ಕಂತುಗಳಿಂದಲೇ. ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ, ಅದು 1991ರಲ್ಲಿ ಒಡೆಯಿತು. ಸರ್ಕಾರ ಹಂತ ಹಂತವಾಗಿ ಪೂಲನ್ನು ಸಡಿಲಿಸಿ 1996ರ ಹೊತ್ತಿಗೆ ಪೂರ್ತಿ ಬಿಟ್ಟಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತು. ನಿಮ್ಮ ಊರಿನಲ್ಲಿ ಜೀಪು ಯಾವ ವರ್ಷ ಬಂತು, ಹಂಚಿನ ಮನೆಗೆ ತಾರಸಿ ಯಾವಾಗ ಬಿತ್ತು ಎಂದು ಕೇಳಿ, ಉತ್ತರ ಬಹುಮಟ್ಟಿಗೆ ಅಲ್ಲಿಗೇ ಬಂದು ನಿಲ್ಲುತ್ತದೆ. 2001-02ರಲ್ಲಿ ಬೆಲೆ ಕುಸಿದಾಗ ಯಾವ ಮರ ಕಡಿದರು, ಯಾವ ಚಿನ್ನ ಅಡ ಇಟ್ಟರು ಎಂಬುದನ್ನು ಮಾತ್ರ ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. 2024ರಲ್ಲಿ ರೊಬಸ್ಟಾ ಚೆರ್ರಿಯ ಚೀಲ 10,000 ರೂಪಾಯಿ ದಾಟಿದ ಚೀಟಿಯನ್ನು ನಾನು ಎತ್ತಿಟ್ಟಿದ್ದೇನೆ. ಅದೇ ವರ್ಷ ನಮ್ಮ ಸುತ್ತಲಿನ ಇನ್ನೊಂದಷ್ಟು ಗದ್ದೆಗೆ ಮಣ್ಣು ಬಿತ್ತು.

ಮಳೆಯ ಪುಸ್ತಕ ಇದ್ದರೆ ಅದೃಷ್ಟ. ಕೊಡಗಿನವರು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ; ಇಲ್ಲಿ ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ. ಫೆಬ್ರವರಿ-ಮಾರ್ಚ್‌ನ ಪುಟ ತೆರೆಯಿರಿ. ಒಂದು ಇಂಚು ಹೂಮಳೆ, ಎಂಟೊಂಬತ್ತು ದಿನಕ್ಕೆ ಬೆಟ್ಟವೆಲ್ಲ ಬೆಳ್ಳಗೆ, ಎರಡು-ಮೂರು ವಾರ ಬಿಟ್ಟು ಇನ್ನೊಂದು ಮಳೆ. ಇಷ್ಟಾದರೆ ವರ್ಷದ ಬೆಳೆ ನಿಂತಿತು. ಇಪ್ಪತ್ತು ಸೆಂಟು ಮಾತ್ರ ಬಿದ್ದ ವರ್ಷ ಮೊಗ್ಗು ಸುಟ್ಟಿರುತ್ತದೆ. ಆ ವರ್ಷದ ಮಾರಾಟದ ಚೀಟಿಯ ಪಕ್ಕ ಇಟ್ಟು ನೋಡಿ. ನಂತರ 2018ರ ಆಗಸ್ಟ್ ತೆರೆಯಿರಿ. ಮಡಿಕೇರಿಯ ಸುತ್ತ ಗುಡ್ಡಗಳು ಕುಸಿದ ಆ ದಿನಗಳ ಪುಟದಲ್ಲಿ ಮಾವ ಅಂಕೆಯನ್ನು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ, ಬೇರೆ ಮಾತಿಲ್ಲ.

ತೋಟದ ಕೆಲಸಗಾರರು ವಾಸಿಸುವ ಸಾಲುಮನೆಗೆ, ಅಂದರೆ ಲೈನ್ ಮನೆಗೆ ಹೋಗದೆ ಈ ಓದು ಮುಗಿಯುವುದಿಲ್ಲ. ಟ್ರಂಕಿನಲ್ಲಿ ಇಲ್ಲದ ಚರಿತ್ರೆ ಅಲ್ಲಿದೆ. ಗದ್ದೆಯನ್ನು ನಿಜವಾಗಿ ಉತ್ತವರು ಎರವರೆಂಬ ಆದಿವಾಸಿಗಳು. ಭೂಮಿಯೊಂದಿಗೆ ಅವರನ್ನೂ ಕಟ್ಟಿಹಾಕಿದ್ದ ಕಾಲವಿತ್ತು. ಎಸ್ಟೇಟುಗಳು ಬಂದ ಮೇಲೆ ಮೇಸ್ತ್ರಿಗಳು ಮೈಸೂರು ಸೀಮೆಯಿಂದ ಮುಂಗಡ ಕೊಟ್ಟು ಆಳು ತಂದರು. ಈಗ ಅಸ್ಸಾಂ, ಪಶ್ಚಿಮ ಬಂಗಾಳದಿಂದ ಬರುತ್ತಾರೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ನಾಡಿಗೆಲ್ಲ ಗೊತ್ತಾಯಿತು, ಲೈನ್ ಮನೆಗಳಲ್ಲಿ ತಲೆಮಾರು ಕಳೆದವರಿಗೆ ಸ್ವಂತಕ್ಕೆ ಒಂದು ಸೆಂಟು ಜಾಗವಿಲ್ಲ ಎಂದು. ಅಲ್ಲಿಗೆ ಹೋಗುವಾಗ ಮಾಲೀಕರನ್ನು ಜೊತೆಗೆ ಕರೆದೊಯ್ಯಬೇಡಿ. ಕೊಯ್ಲಿನ ದಿನ ಸಂಜೆ, ತೂಕ ಮುಗಿದ ಮೇಲೆ, ಒಪ್ಪಿಗೆ ಕೇಳಿ ಕುಳಿತುಕೊಳ್ಳಿ. ‘ನಿಮ್ಮ ಅಜ್ಜಿ ಯಾವ ತೋಟದಲ್ಲಿದ್ದರು?’ ಎಂದು ಶುರು ಮಾಡಿ. ಅವರು ತೋಟದ ಹೆಸರಿನಿಂದಲೇ ವರ್ಷಗಳನ್ನು ಎಣಿಸುತ್ತಾರೆ. ನಮ್ಮ ಮನೆಯ ಚರಿತ್ರೆಯಲ್ಲಿ ನಾನು ತಿದ್ದಿದ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲಿ ಕುಳಿತು ಕೇಳಿದ್ದರಿಂದ ತಿದ್ದಿದವು. ಬಾವಿ ತೋಡಿದ್ದು ನಮ್ಮ ಅಜ್ಜಮಾವ ಎಂದು ಮನೆಯಲ್ಲಿ ಹೇಳುತ್ತಿದ್ದರು. ತೋಡಿದವರು ಯಾರೆಂದು ಎರವರ ಒಬ್ಬ ಅಜ್ಜಿ ನಾಲ್ಕು ಜನರನ್ನು ನೆನಪಿನಿಂದ ಹೇಳಿದರು. ನಾಲ್ಕೂ ಹೆಸರುಗಳು ಈಗ ನಮ್ಮ ಪುಸ್ತಕದಲ್ಲಿವೆ.

ಬರೆಯುವಾಗ ಒಂದು ಪುಟವನ್ನು ಎರಡು ಭಾಗ ಮಾಡಿ. ಎಡಕ್ಕೆ ಮನೆಯ ಸಂಗತಿ, ಬಲಕ್ಕೆ ನಾಡಿನ ಸಂಗತಿ. ಬಲಬದಿಗೆ ಕೆಲವು ಗೂಟಗಳನ್ನು ಮೊದಲೇ ಹೊಡೆದಿಡಿ. 1834, ಕಂಪನಿಯ ಆಳ್ವಿಕೆ. 1837, ಅಮರಸುಳ್ಯದ ದಂಗೆ. ಪುತ್ತೂರು, ಅಮರಸುಳ್ಯದ ಸೀಮೆಯನ್ನು ಕೊಡಗಿನಿಂದ ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ಕೇಳಿದ್ದು ಆ ಸಿಟ್ಟಿನ ದೊಡ್ಡ ಕಾರಣ. ಅದರ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿದ ಮೇಲೆ ಬೆಂಗಳೂರಿನಲ್ಲಿದ್ದ ರೆಸಿಡೆಂಟೇ ಕೊಡಗು ಪ್ರಾಂತ್ಯಕ್ಕೆ ಚೀಫ್ ಕಮಿಷನರ್. 1950ರಿಂದ ‘ಸಿ’ ದರ್ಜೆಯ ರಾಜ್ಯ, 1952ರಿಂದ ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನ. ಪ್ರತಿ ಸಂಗತಿಯ ಕೆಳಗೆ ಯಾರು ಹೇಳಿದರು, ಯಾವ ದಿನ ಹೇಳಿದರು ಎಂದು ಬರೆಯಿರಿ. ಕಾಗದವೂ ಬಾಯಿಮಾತೂ ಬೇರೆ ಬೇರೆ ಹೇಳಿದರೆ ಎರಡನ್ನೂ ಇಡಿ.

ಈ ಕೆಲಸ ಒಂದೇ ಸಲಕ್ಕೆ ಆಗುವಂಥದ್ದಲ್ಲ. ಕಣ, ಚೀಟಿ, ಲೈನ್ ಮನೆಗೆ ಜನವರಿ ಸರಿಯಾದ ಕಾಲ. ಮರ ಎಣಿಸಲು ಏಪ್ರಿಲ್ ಒಳ್ಳೆಯದು, ನೆರಳಿನ ಕೊಂಬೆ ಕಡಿಯುವ ಮರಗಸಿ ಶುರುವಾಗುವ ಮೊದಲೇ. ಗದ್ದೆಗೆ ಜುಲೈನಲ್ಲಿ ನಾಟಿಯ ಹೊತ್ತಿಗೆ ಒಮ್ಮೆ, ಹುತ್ತರಿಗೆ ಇನ್ನೊಮ್ಮೆ ಹೋಗಿ. ಮುಂಗಾರು ಹಿಡಿಯುವ ಮುನ್ನ ಕಾಗದಗಳ ಚಿತ್ರ ತೆಗೆದು, ಮೂಲ ಪ್ರತಿಗಳನ್ನು ಒಣಗಿದ ಕಾಳುಮೆಣಸಿನ ಸಣ್ಣ ಗಂಟಿನೊಂದಿಗೆ ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಿಡಿ. ಹೊಗೆಗೂಡಿನ ಹತ್ತಿರದ ಅಟ್ಟವಾದರೆ ಇನ್ನೂ ಒಳ್ಳೆಯದು, ಅಲ್ಲಿಗೆ ತೇವ ಹತ್ತುವುದಿಲ್ಲ.